ಯೊ ಜಾ ಕುಮಿ

ಮೇ 11, ಶನಿವಾರ
ಹತ್ತಕ್ಕೆ ಕ್ಲಾಸು. ಹದಿನಾಲ್ಕು ಮಂದಿ. ಮಲಾಕಾದ ನಮ್ಮ ಮನೆಮಾತು ಕ್ರಿಸ್ತಾಂಗ್ ಇವರಿಗೆ ಎಷ್ಟು ಉಳಿದಿದೆ ಎಂದು ಅಳೆಯಬೇಕಂತೆ. ಪರೀಕ್ಷೆ ಆರಿಸುವ ಕೆಲಸವನ್ನು ಕ್ಲಾಸು ನಡೆಸುವ ಸಮಿತಿ ನನ್ನ ತಲೆಗೆ ಕಟ್ಟಿದೆ. ಲಿಸ್ಬನ್ನಿಂದ ಒಂದನ್ನು ತರಿಸಿದೆ — ಪೋರ್ಚುಗೀಸ್ ಕಲಿಯುವ ವಿದೇಶಿಯರಿಗೆ ಕೊಡುವಂಥದ್ದು. ಒಳ್ಳೆಯ ಕಾಗದ, ಮೊಹರು. ನಮ್ಮ ಮಾತೂ ಅದರ ಮಗಳೇ ತಾನೆ?

ಪಕ್ಕದ ಮನೆಯ ಬಿಬಿಯಾನಾ ತಿಯಾ — ಕೇರಿಗೆಲ್ಲ ಅತ್ತೆ, ನಮ್ಮ ಮಾತಿನಲ್ಲಿ ತಿಯಾ — ನಕ್ಕಳು. "ಏನೋ ಹೊರೇಸ್, ಮನೆ ಮಾತು ತೂಗಕ್ಕೆ ಲಿಸ್ಬನ್ನಿಂದ ತಕ್ಕಡಿನಾ? ಮಲಾಕಾದಲ್ಲಿ ಸಿಗ್ಲಿಲ್ವಾ?"

ಮೇ 18
ಉತ್ತರಪತ್ರಿಕೆ ತಿದ್ದಿದೆ. ಆ್ಯಪ್‌ನಲ್ಲಿ ಮೂರು ತಿಂಗಳು ಪೋರ್ಚುಗೀಸ್ ಕಲಿತ ಡೆಂಟಿಸ್ಟ್‌ಗೆ ನಲವತ್ತಕ್ಕೆ ಮೂವತ್ತೊಂದು. ತಿಯಾಳ ಮೊಮ್ಮಗಳು ಜೊಲೀನ್‌ಗೆ ಏಳು. ಅಜ್ಜಿಯೊಂದಿಗೆ ಹದಿನೈದು ವರ್ಷ ಇದೇ ಭಾಷೆಯಲ್ಲಿ ಜಗಳವಾಡಿದವಳು! 'ಊಟ ಮಾಡಿದೆ' ಎನ್ನಲು 'ಯೊ ಜಾ ಕುಮಿ' ಎಂದು ಬರೆದಿದ್ದಾಳೆ; 'ಜಾ' ಎಂದರೆ ಆಗಲೇ ಮುಗಿಯಿತು ಎಂಬ ಗುರುತು. ಉತ್ತರಸೂಚಿಯಲ್ಲಿ ಪೋರ್ಚುಗೀಸಿನ ಬರೀ 'ಕೊಮಿ', 'ಜಾ' ಇಲ್ಲ. ಕೆಂಪು ಗೆರೆ ಎಳೆದೆ.

ಬೆಳಿಗ್ಗೆ ತಿಯಾ ತಿಂಡಿಯಾಯ್ತಾ ಎಂದಾಗ ನಾನೂ ಅಂದದ್ದು — ಯೊ ಜಾ ಕುಮಿ.

ಜೂನ್ 8
ಮೂರು ಶನಿವಾರದಿಂದ ಜೊಲೀನ್ ಇಲ್ಲ. ತಿಯಾ ತಾನೇ ಬಂದಳು. ಕೂರಲಿಲ್ಲ.

"ಹುಡುಗಿ ನನ್ ಹತ್ರ ಬರೀ ಇಂಗ್ಲಿಷ್ ಕಣೋ. ನಂಗೆಲ್ಲಿ ಬರುತ್ತೆ ಅದು? 'ಅಜ್ಜಿ, ನೀನೇ ತಪ್ಪು ಕಲಿಸಿದ್ದು' ಅಂತಾಳೆ. ಎಂಬತ್ತಾರು ವರ್ಷ ನಾನು ಮಾತಾಡಿದ್ದೆಲ್ಲ ತಪ್ಪೇನೋ?"



1963. ಶಾಲೆಯಲ್ಲಿ ಮನೆಮಾತಾಡಿದ್ದಕ್ಕೆ 'ಹರುಕು ಪೋರ್ಚುಗೀಸ್' ಎಂದು ಮೇಷ್ಟ್ರು ನನ್ನ ಬೆರಳಗಂಟಿಗೆ ರೂಲುಕಡ್ಡಿಯಲ್ಲಿ ಹೊಡೆದದ್ದು. ಅದರ ಸಿಟ್ಟಿಗೆ ನಲವತ್ತು ವರ್ಷ ಪತ್ರಿಕೆಗಳಿಗೆ ಕಾಗದ ಬರೆದೆ — ನಮ್ಮದು ಹರುಕಲ್ಲ, ಬೇರೆಯೇ ಭಾಷೆ ಎಂದು. ಅಚ್ಚಾದದ್ದನ್ನೆಲ್ಲ ಕತ್ತರಿಸಿ ಇಟ್ಟಿದ್ದೇನೆ. ಕೊನೆಗೆ ರೂಲುಕಡ್ಡಿ ನನ್ನ ಕೈಗೇ ಬಂತು. ಮೊಹರು ನೋಡಿ ಮರುಳಾದೆ... ಥೂ.

ಜೂನ್ 9
ಲಿಸ್ಬನ್ನಿನದು ಕಸದ ಬುಟ್ಟಿಗೆ. ಹೊಸ ಪರೀಕ್ಷೆ: ಹಿರಿಯರ ಎದುರು ಕೂತು ಸೀಗಡಿ ಬಿಡಿಸುತ್ತ ಹತ್ತು ನಿಮಿಷ ಮಾತು. ಹಿರಿಯರಿಗೆ ಅರ್ಥವಾದರೆ ಪಾಸು. ಪರೀಕ್ಷಕಿ ಬಿಬಿಯಾನಾ ತಿಯಾ. ಜೊಲೀನ್ ಮನೆಗೆ ಹೋಗಿ ತಪ್ಪು ನನ್ನದು ಎಂದೆ. "ಇರ್ಲಿ ಅಂಕಲ್," ಅಂದಳು. ಇಂಗ್ಲಿಷಿನಲ್ಲಿ.

ಜೂನ್ 15
ಬಂದಳು. ಅಜ್ಜಿ, ಮೊಮ್ಮಗಳು, ನಡುವೆ ಸೀಗಡಿ ಬುಟ್ಟಿ.

"ಊಟ ಆಯ್ತೇನೇ, ಬಿಂಕಗಾತಿ?" — ತಿಯಾ, ನಮ್ಮ ಮಾತಿನಲ್ಲೇ.

"ಯೊ..." ನಿಲ್ಲಿಸಿದಳು. ಅಜ್ಜಿಯನ್ನು ನೋಡಲಿಲ್ಲ. ನನ್ನತ್ತ ತಿರುಗಿ ಮೆಲ್ಲಗೆ, "ಅಂಕಲ್, 'ಜಾ' ಹಾಕ್ಬಹುದಾ?"

ಸ್ವಂತ ಅಜ್ಜಿಗೆ ಊಟವಾಯಿತು ಎನ್ನಲು ನನ್ನ ಅಪ್ಪಣೆ. ಹಾಕಮ್ಮಾ, ಧಾರಾಳವಾಗಿ ಹಾಕು, ಎನ್ನಲು ಬಾಯಿ ತೆರೆದೆ — ಅದೂ ಅಪ್ಪಣೆಯೇ ಎಂದು ಹೊಳೆದು, ತಿಯಾಳತ್ತ ಕೈ ತೋರಿಸಿದೆ.