ಟ್ರೇಯಲ್ಲಿ ಉಳಿದದ್ದು

ಗುರುವಾರ, ನನ್ನ ಪಾಳಿ ಮುಗಿದ ಮೇಲೆ

ನನ್ನ ಬಂಗಾರದಂಥ ಮಗಳಿಗೆ,

ದೇವರು ನಿನ್ನನ್ನು ಕಾಯಲಿ. ಇವತ್ತು ನಮ್ಮ ಕೈಯಿಂದ ಹೋದ ಸಾಮಾನನ್ನು ನಂಬಿ ಕೂರುವ ಮಕ್ಕಳನ್ನೂ ಕಾಯಲಿ. ಈ ಕಾಗದವನ್ನು ನಿಂತುಕೊಂಡೇ ಓದು, ಓದಿದ ಕೂಡಲೇ ಲಾರಿಯ ಹತ್ತಿರ ಓಡು.

ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ನಿನ್ನ ದನಿ ಕೇಳಿದ್ದರೆ ಊಟ ಆಯಿತೇ ಎಂದು ವಿಚಾರಿಸಿ ಸುಮ್ಮನಾಗಿಬಿಡುತ್ತಿದ್ದೆನೋ ಏನೋ.

ನೀನು ಕಟ್ಟಿಕೊಟ್ಟ ಲೈನಿನಲ್ಲಿ ನಾವು ನಾಲ್ವರು ಹೆಂಗಸರ ಕೆಲಸ ಗೊತ್ತಲ್ಲ, ಶಾಲೆ ವ್ಯಾನಿನ ಸೀಟ್ ಬೆಲ್ಟಿನ ಬಕಲ್‌ಗೆ ಸ್ಪ್ರಿಂಗ್ ಕೂರಿಸುವುದು. ಎಷ್ಟು ಬಕಲ್ಲೋ ಅಷ್ಟೇ ಸ್ಪ್ರಿಂಗ್ ಟ್ರೇಯಲ್ಲಿ ಬರುವಂತೆ ನೀನೇ ಮಾಡಿದ್ದೆ, ಯಾರಾದರೂ ಮರೆತರೆ ತಿಳಿಯಲಿ ಎಂದು. ಇವತ್ತು ನನ್ನ ಟ್ರೇಯ ಮೂಲೆಯಲ್ಲಿ ಒಂದು ಸ್ಪ್ರಿಂಗ್ ಉಳಿದಿತ್ತು. ನೋಡುವಷ್ಟರಲ್ಲಿ ಪೆಟ್ಟಿಗೆಗಳೆಲ್ಲ ಲಾರಿ ಏರಿದ್ದವು. ಗೋದಾಮಿನಲ್ಲಿ ಏನೂ ಕೊಳೆಯಬಾರದು, ಇಲ್ಲಿ ಹಗಲು ಮಾಡಿದ್ದನ್ನು ಅಲ್ಲಿ ವ್ಯಾನ್ ಕಾರ್ಖಾನೆಯಲ್ಲಿ ಮರುದಿನ ಬೆಳಿಗ್ಗೆಯೇ ವ್ಯಾನಿಗೆ ಹಾಕಬೇಕು ಎಂದವಳೂ ನೀನೇ.

ಮುಂದಿನ ಪಾಳಿಗೆ ತಂದಿಟ್ಟಿದ್ದ ಒಂದು ಬಕಲ್ಲನ್ನು ಸ್ಪ್ರಿಂಗ್ ಇಲ್ಲದೆ ಮುಚ್ಚಿ ನೋಡಿದೆ. ಅದೂ ಕ್ಲಿಕ್ ಎಂದಿತು, ಮಗಳೇ. ಜಗ್ಗಿದೆ. ಬಿಚ್ಚಿಕೊಂಡು ಕೈಗೆ ಬಂತು. ನಮ್ಮ ಬೀದಿಯ ತಿರುವಿನಲ್ಲಿ ವ್ಯಾನ್ ಹೊರಳಿದಾಗ ಮಕ್ಕಳೆಲ್ಲ ಒಂದೇ ಕಡೆ ವಾಲುತ್ತಾರಲ್ಲ, ಅದೇ ಕಣ್ಣಿಗೆ ಕಟ್ಟಿದೆ.

ಲಾರಿ ನಿಲ್ಲಿಸಿ ಎಂದು ಸೂಪರ್‌ವೈಸರ್ ಮುಂದೆ ಗೋಗರೆದೆ. ಬೋರ್ಡ್ ನೋಡಮ್ಮ, ಲೈನ್ ನಿಂತಿದ್ದು ಸೊನ್ನೆ ಸಲ ಅಂತಿದೆ, ಟ್ರೇಗೆ ಯಾರೋ ಒಂದು ಸ್ಪ್ರಿಂಗ್ ಜಾಸ್ತಿ ಹಾಕಿರ್ತಾರೆ, ಹೋಗಿ ಟೀ ಕುಡಿ ಅಂದರು.

ಆ ಸೊನ್ನೆಯೇ ನನಗೆ ಭಯ. ತಪ್ಪು ಕಂಡವರು ಕೆಂಪು ಹಗ್ಗ ಎಳೀರಿ, ಲೈನ್ ನಿಲ್ಲುತ್ತೆ, ಯಾರೂ ಬೈಯಲ್ಲ ಎಂದು ನೀನು ಹೇಳಿ ಹೋದೆ. ಅವತ್ತಿನಿಂದ ಆ ಹಗ್ಗವನ್ನು ಯಾರೂ ಮುಟ್ಟಿಲ್ಲ. ನಮ್ಮ ಕೆಲಸವೇ ಅಷ್ಟು ಅಚ್ಚುಕಟ್ಟು ಎಂದುಕೊಂಡಿದ್ದೆ. ಇವತ್ತು ಪಕ್ಕದ ಮೇಜಿನ ಬಾಯಿಬಡುಕಿಯನ್ನು ಕೇಳಿದೆ. ನಿಮ್ಮ ಮಗಳು ನಮ್ಮ ಉಸಿರಿಗೂ ಲೆಕ್ಕ ಇಟ್ಟಿರೋ ಗಟ್ಟಿಗಿತ್ತಿ ಅಕ್ಕ, ಆದ್ರೂ ನಮ್ಮ ಹುಡುಗಿ ತಾನೆ, ಹಗ್ಗ ಎಳೆದ್ರೆ ಅವಳ ಹೆಸರು ಕೆಡಲ್ವಾ ಅಂದಳು. ಅದೇ ಸೊನ್ನೆ ನೋಡಿ ತಾನೆ ನಿನಗೆ ಆ ದೊಡ್ಡ ಕಾರ್ಖಾನೆ ಒಪ್ಪಿಸಿದ್ದು.

ಹೆಸರು ಹೋದರೆ ಹೋಗಲಿ. ಇವತ್ತಿನ ಬಕಲ್ ಒಂದನ್ನೂ ವ್ಯಾನಿಗೆ ಹಾಕಗೊಡಬೇಡ, ಪ್ರತಿಯೊಂದನ್ನೂ ಜಗ್ಗಿ ನೋಡಿಸು. ಈ ಕಾಗದ ಅದೇ ಲಾರಿಯಲ್ಲಿ ಬರುತ್ತಿದೆ, ನಿನ್ನ ಕೈಗೇ ಕೊಡುತ್ತೇನೆಂದು ಡ್ರೈವರಣ್ಣ ಮಾತು ಕೊಟ್ಟಿದ್ದಾನೆ. ಉಳಿದ ಸ್ಪ್ರಿಂಗ್ ಇದರೊಳಗೇ ಮಡಚಿಟ್ಟಿದ್ದೇನೆ. ಇದನ್ನು ಅವನಿಗೆ ಕೊಟ್ಟು ಬಂದವಳೇ ಮುಂದಿನ ಪಾಳಿಯ ಲೈನಿನ ಹಗ್ಗ ಎಳೆಯುತ್ತೇನೆ.

ನಿನಗಾಗಿ ಕೈಮುಗಿದುಕೊಂಡೇ ಇರುವ,
ಅಮ್ಮ

ತಾ.ಕ.: ಲಕೋಟೆ ಅಂಟಿಸುತ್ತಿದ್ದೆ. ಬಾಯಿಬಡುಕಿ ಬಂದು ತನ್ನ ಊಟದ ಡಬ್ಬಿಯ ಮುಚ್ಚಳ ತೆಗೆದು ಎರಡು ಸ್ಪ್ರಿಂಗ್ ನನ್ನ ಅಂಗೈಗೆ ಹಾಕಿದಳು. ಹೋದ ವಾರ ಟ್ರೇಯಲ್ಲಿ ಉಳಿದದ್ದು ಅಕ್ಕ ಅಂದಳು, ಮುಖ ಎತ್ತಲಿಲ್ಲ. ಹೋದ ವಾರದ ವ್ಯಾನುಗಳು ಈಗ ಎಲ್ಲಿ ಓಡಾಡುತ್ತಿವೆ, ಮಗಳೇ? ಅವಳ ಬೆನ್ನ ಹಿಂದೆ ಉಳಿದಿಬ್ಬರೂ ಮುಷ್ಟಿಯೊಳಗೆ ಏನನ್ನೋ ಬಿಗಿಹಿಡಿದುಕೊಂಡು ನಿಂತಿದ್ದಾರೆ.