ಒಣಹುಲ್ಲಿನ ಬಣ್ಣ

ಗುರುವಾರ, ಮಾರ್ಚ್ ೧೪
ಮಧ್ಯಾಹ್ನ, ಅಂಗಡಿಯಿಂದ

ನನ್ನ ಮೆಣಸಿನಕಾಯಿಗೆ ಅಪ್ಪನ ಪ್ರೀತಿಯ ನೆನಪುಗಳು.

ನಿನ್ನ ಕಾಗದ ಬಂದು ತಿಂಗಳು ಕಳೆಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ, ಬೈದುಕೋ. ಫೋನಿನಲ್ಲಿ ಮಾತಾಡುತ್ತಲೇ ಇರುತ್ತೇವಲ್ಲ ಅನ್ನಬಹುದು. ಆದರೆ ಈ ಮನೆಯ ಫೋನು ನಿನಗೆ ಗೊತ್ತಿಲ್ಲದ್ದೇ? ನಿನ್ನ ಅಮ್ಮ ಸ್ಪೀಕರ್ ಹಾಕಿಯೇ ಮಾತಾಡುವವಳು; ನಾನು ಬಾಯಿ ತೆರೆಯುವ ಮೊದಲೇ ನನ್ನ ಪಾಲಿನ ಉತ್ತರವನ್ನೂ ಅವಳೇ ಹೇಳಿ ಮುಗಿಸುತ್ತಾಳೆ. ಈಗ ನಾನು ಹೇಳಬೇಕಾದದ್ದು ಸ್ಪೀಕರಿನಲ್ಲಿ ಹೇಳುವಂಥದ್ದಲ್ಲ. ಅದಕ್ಕೇ ಅಂಗಡಿಯ ಶಟರ್ ಅರ್ಧ ಎಳೆದುಕೊಂಡು, ಯಾರದೋ ಪ್ಯಾಂಟನ್ನು ಮಿಷನ್ನಿನ ಮೇಲೆ ಹಾಗೇ ಬಿಟ್ಟು ಬರೆಯುತ್ತಿದ್ದೇನೆ. ನಿನ್ನ ಬೇಕರಿಯ ಹೊಸ ಒಲೆ ಕೊನೆಗೂ ಸರಿಹೋಯಿತೆಂದು ಓದಿ ಸಂತೋಷವಾಯಿತು. ಇದನ್ನು ಒಬ್ಬಳೇ ಇದ್ದಾಗ ಓದು.

ಸುತ್ತಿ ಬಳಸಿ ಹೇಳುವುದಿಲ್ಲ. ಅಮ್ಮನನ್ನು ಬಸ್ಸಿನಿಂದ ಇಳಿಸಿದ್ದಾರೆ. ಹೋದ ವಾರದಿಂದ ಅವಳ ಕೈಯಲ್ಲಿ ಸ್ಟೇರಿಂಗ್ ಇಲ್ಲ. ಅವಳ ಕಣ್ಣು ಹೋಗುತ್ತಿದೆ, ಪುಟ್ಟಾ. ನಿನಗೆ ಹೇಳಕೂಡದೆಂದು ನನ್ನ ಬಾಯಿಗೆ ಬೀಗ ಹಾಕಿದ್ದಾಳೆ. ಬಾಯಿಗೆ ತಾನೇ ಹಾಕಿದ್ದು, ಪೆನ್ನಿಗಲ್ಲವಲ್ಲ.

ಇದು ನನಗೆ ಗೊತ್ತಾದದ್ದು ಅವಳ ಬಾಣದ ಮೊನೆಗಳಿಂದ. ಹಿತ್ತಲಿನ ಶೆಡ್ಡಿನಲ್ಲಿ ಅವಳು ಕುಲುಮೆ ಹೂಡಿದಾಗ ನೀನಿನ್ನೂ ಮನೆಯಲ್ಲೇ ಇದ್ದೆ. ‘ಬೇರೆ ಹೆಂಗಸರು ಸ್ವೆಟರ್ ಹೆಣೀತಾರೆ ಕಣೇ’ ಎಂದು ನಾನು ಅಂದದ್ದಕ್ಕೆ, ‘ಆ ಕೆಲಸಕ್ಕೆಲ್ಲ ಮನೇಲಿ ನೀವಿದ್ದೀರಲ್ಲ’ ಅಂದಿದ್ದಳು. ಡಿಪೋದ ಗುಜರಿಯಿಂದ ತಂದ ಬಸ್ಸಿನ ಸ್ಪ್ರಿಂಗ್ ಪಟ್ಟಿ, ಇದ್ದಿಲು, ಕೈಯಲ್ಲಿ ಒತ್ತಿ ಗಾಳಿ ಊದುವ ತಿದಿ, ಸುತ್ತಿಗೆ, ಇಕ್ಕಳ. ಕರೆಂಟಿನ ಯಂತ್ರ ಒಂದನ್ನೂ ಒಳಗೆ ಬಿಡುವುದಿಲ್ಲ. ಹಗಲೆಲ್ಲ ಅಷ್ಟು ದೊಡ್ಡ ಯಂತ್ರ ಓಡಿಸಿ ಬಂದವಳಿಗೆ ಸಂಜೆ ಅಂಗೈಯಷ್ಟು ಉಕ್ಕನ್ನು ಕೈಯಿಂದಲೇ ಬಡಿಯುವುದರಲ್ಲಿ ಏನೋ ನೆಮ್ಮದಿ.

ತುದಿ ಚೂಪು ಮಾಡುವುದು, ಬುಡವನ್ನು ತೆಳ್ಳಗೆ ಬಡಿದು ಕಡ್ಡಿ ಕೂರುವ ಹಾಗೆ ಕೊಳವೆಯಾಗಿ ಸುತ್ತುವುದು, ಇದೆಲ್ಲ ನೀನು ನೋಡಿದ್ದೀಯ. ಕೊನೆಯ ಕೆಲಸ ನೋಡಿಲ್ಲ, ಅಷ್ಟು ಹೊತ್ತು ಕೂರುವ ತಾಳ್ಮೆ ನಿನಗೆಲ್ಲಿತ್ತು? ಕೆಂಪಗೆ ಕಾದ ಮೊನೆಯನ್ನು ಎಣ್ಣೆಗೆ ಅದ್ದಿದರೆ ಅದು ಗಾಜಿನಷ್ಟು ಗಡುಸಾಗುತ್ತದೆ, ಕಲ್ಲಿಗೆ ತಗಲಿದರೆ ಚೂರು ಚೂರು. ಅದಕ್ಕೇ ಉಜ್ಜಿ ಬೆಳ್ಳಗೆ ಮಾಡಿ, ಬುಡದ ಕಡೆಯಿಂದ ಮತ್ತೆ ಸಣ್ಣಗೆ ಕಾಯಿಸಬೇಕು. ಆಗ ಉಕ್ಕಿನ ಮೇಲೆ ಬಣ್ಣ ಹರಿದು ಬರುತ್ತದೆ. ಮೊದಲು ತೆಳು ಹಳದಿ, ಆಮೇಲೆ ಒಣಹುಲ್ಲಿನ ಬಣ್ಣ, ಕಂದು, ನೇರಳೆ, ನೀಲಿ. ಒಣಹುಲ್ಲಿನ ಬಣ್ಣ ತುದಿ ಮುಟ್ಟಿದ ಕೂಡಲೇ ನೀರಿಗೆ ಅದ್ದಿದರೆ ಹದ. ನೀಲಿಗೆ ಹೋಯಿತೋ, ತುದಿ ಮೆತ್ತಗಾಗಿ ಮೊದಲ ಏಟಿಗೇ ಬಾಗುತ್ತದೆ. ಇದಕ್ಕೆ ಗಡಿಯಾರವಿಲ್ಲ, ಮಾಪಕವಿಲ್ಲ, ಕಣ್ಣೊಂದೇ.

ಚಳಿ ಶುರುವಾಗುವ ಹೊತ್ತಿಗೆ ಬಿಲ್ಲುವಿದ್ಯೆ ಕಲಿಸುವ ಮೇಷ್ಟ್ರು ಒಂದು ಡಬ್ಬಿ ಮೊನೆಗಳನ್ನು ವಾಪಸ್ಸು ತಂದರು. ಎಲ್ಲದರ ಮೂಗೂ ಸೊಟ್ಟ. ‘ಈ ಸಲದ ಪಟ್ಟೀನೇ ಸರಿ ಇಲ್ಲ’ ಅಂದಳು ಅಮ್ಮ. ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂದು ನಾನು ನಕ್ಕೆ. ಮೇಷ್ಟ್ರೂ ನಕ್ಕರು. ಅವಳು ನಗಲಿಲ್ಲ.

ಅದಾದ ಮೇಲೆ ಸಂಜೆ ಸಂಜೆ ನನ್ನನ್ನು ಶೆಡ್ಡಿಗೆ ಕರೆಯತೊಡಗಿದಳು. ‘ರೀ, ಒಬ್ಬಳಿಗೇ ಬೇಜಾರು. ನಿಮ್ಮ ಕೈಹೊಲಿಗೆ ಇಲ್ಲೇ ತಂದು ಕೂತ್ಕೊಳ್ಳಿ.’ ಇಷ್ಟು ವರ್ಷದ ಸಂಸಾರದಲ್ಲಿ ಒಬ್ಬಳಿಗೇ ಬೇಜಾರು ಅನ್ನುವ ಮಾತು ಆ ಬಾಯಿಂದ ಬಂದದ್ದು ನಾನು ಕೇಳಿರಲಿಲ್ಲ. ನಗಬೇಡ, ಮೊದಲ ಸಂಜೆ ನಾನು ತಲೆ ಬಾಚಿಕೊಂಡು ಹೋದೆ. ಅಲ್ಲಿ ಅವಳದೊಂದು ಆಟ. ಮೊನೆಯನ್ನು ಕೆಂಡದ ಮೇಲೆ ಹಿಡಿದು, ‘ಟೈಲರ್ ಸಾಹೇಬ್ರೇ, ಈಗ ಯಾವ ದಾರದ ಬಣ್ಣ ಹೇಳಿ ನೋಡೋಣ’ ಅನ್ನುತ್ತಿದ್ದಳು. ನಾನು ಉಬ್ಬಿಹೋಗಿ ‘ಕೆನೆ ಬಣ್ಣ… ಈಗ ತೆಳು ಹಳದಿ… ಈಗ ಒಣಹುಲ್ಲು’ ಅನ್ನುತ್ತಿದ್ದೆ. ಸೊಂಯ್ ಎಂದು ನೀರಿಗೆ ಅದ್ದುತ್ತಿದ್ದಳು. ಮೇಷ್ಟ್ರು ಹೊಸ ಮೊನೆಗಳನ್ನು ಹೊಗಳಿದ್ದೇ ಹೊಗಳಿದ್ದು. ಈ ವಯಸ್ಸಿನಲ್ಲಿ ಹೆಂಡತಿಗೆ ನಾನು ಬೇಕಾಗಿದ್ದೇನೆ ಎಂದುಕೊಂಡು ಬೀಗಿದೆ.

ಹೋದ ತಿಂಗಳು ಒಂದು ಸಂಜೆ ನನ್ನ ಬಾಯಿ ತುಂಬ ಗುಂಡುಪಿನ್ನು. ಯಾರದೋ ಮದುವೆ ಕೋಟಿನ ಅಂಚು ಮಡಿಸುತ್ತಿದ್ದೆ, ನಿನಗೆ ಗೊತ್ತಲ್ಲ ನನ್ನ ಅಭ್ಯಾಸ. ‘ಯಾವ ಬಣ್ಣ?’ ಎಂದು ಕೇಳಿದಳು. ಪಿನ್ನು ಕಚ್ಚಿಕೊಂಡು ‘ಹ್ಞೂಂ’ ಅಂದೆ, ಅಷ್ಟೇ ಆದದ್ದು. ಒಣಹುಲ್ಲು ತುದಿಗೆ ಬಂತು. ದಾಟಿತು. ಕಂದಾಯಿತು, ನೇರಳೆಯಾಯಿತು. ಅವಳು ನೆಟ್ಟ ದೃಷ್ಟಿಯಿಂದ ಅದನ್ನೇ ನೋಡುತ್ತಿದ್ದಾಳೆ, ಕೈ ಅಲುಗುತ್ತಿಲ್ಲ. ಇಡೀ ಮೊನೆ ನೀಲಿಗೆ ತಿರುಗಿದ ಮೇಲೆ ಮೆಲ್ಲಗೆ ‘ಇನ್ನೂ ಬಂದಿಲ್ವೇನ್ರೀ?’ ಎಂದಳು.

ನಾನು ಪಿನ್ನುಗಳನ್ನು ಅಂಗೈಗೆ ಉಗುಳಿದೆ. ‘ನಿಂಗೆ ಕಾಣ್ತಾ ಇಲ್ವಾ?’

‘ಹೊಗೆ’ ಅಂದಳು. ಆ ಹೊತ್ತಿಗೆ ಹೊಗೆ ಇರಲಿಲ್ಲ.

ಆಮೇಲೆ ಒಂದೊಂದಾಗಿ ಹೊರಬಂತು. ಕಣ್ಣಿನ ಒತ್ತಡ ಹೆಚ್ಚಾಗಿ ಒಳಗಿನ ನರ ಸೊರಗಿದೆಯಂತೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಔಷಧಿ ಹಾಕಿ ಕಾಪಾಡಿಕೊಳ್ಳಬೇಕಂತೆ. ಬಣ್ಣಗಳು ಬೆರೆತುಹೋಗುತ್ತವೆ, ಪಕ್ಕದ್ದು ಕಾಣುವುದಿಲ್ಲ, ಎಡಗಡೆಯಂತೂ ಪೂರಾ ಗೋಡೆ. ಗಾಡಿ ಓಡಿಸಬೇಡಿ ಎಂದು ಡಾಕ್ಟರು ಹೇಳಿಯೂ ಆಗಿತ್ತು. ಇದಷ್ಟನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡು ಅವಳು ದಿನಾ ಬೆಳಗಾದರೆ ಬಸ್ಸು ಹತ್ತುತ್ತಿದ್ದಳು. ಸಂಜೆ ಶೆಡ್ಡಿನಲ್ಲಿ ಅವಳಿಗೆ ಬೇಕಾಗಿದ್ದದ್ದು ನಾನಲ್ಲ, ನನ್ನ ಕಣ್ಣು. ನನಗೆ ಅವಮಾನವಾಯಿತು, ಮರೆಮಾಚುವುದೇಕೆ. ಆದರೆ ಅವಮಾನಪಡುತ್ತ ಕೂರಲು ಹೊತ್ತಿರಲಿಲ್ಲ, ಮಾರನೆಯ ಬೆಳಿಗ್ಗೆ ಅವಳಿಗೆ ಡ್ಯೂಟಿ ಇತ್ತು.

ನಾನೂ ಅಂಗಡಿ ಮುಚ್ಚಿ ಅದೇ ಬಸ್ಸು ಹತ್ತಿದೆ. ಅವಳ ಕಂಡಕ್ಟರ್ ಸೀಟಿ ಮಾಮ, ನೀನೇ ಇಟ್ಟ ಹೆಸರು, ಈಗಲೂ ಅದೇ ಸೀಟಿ, ಅದೇ ಹೊಟ್ಟೆ. ಆದರೆ ಅವನು ಹಿಂದಿನ ಬಾಗಿಲಲ್ಲಿ ನಿಂತಿರಲಿಲ್ಲ. ಮುಂದೆ, ಎಡಗಡೆಯ ಕಿಟಕಿಗೆ ಅಂಟಿಕೊಂಡು ರಸ್ತೆ ನೋಡುತ್ತಿದ್ದ, ಅಲ್ಲಿಂದಲೇ ಕೈ ಚಾಚಿ ಟಿಕೆಟ್ ಕೊಡುತ್ತಿದ್ದ. ನಡುನಡುವೆ ಪೀ ಪೀ ಎಂದು ಸಣ್ಣಗೆ ಊದುತ್ತಿದ್ದ. ಅದು ಸ್ಟಾಪು ಬಿಡುವಾಗಿನ ಸೀಟಿಯಲ್ಲ. ಊದಿದಾಗಲೆಲ್ಲ ಅಮ್ಮ ಬಸ್ಸನ್ನು ಚೂರು ಬಲಕ್ಕೆ ಎಳೆಯುತ್ತಿದ್ದಳು.

ಮಾರುಕಟ್ಟೆಯ ತಿರುವಿನಲ್ಲಿ ಯಾರೋ ಟಿಕೆಟ್ಟಿಗೆ ಜಗಳ ತೆಗೆದರು, ಅವನು ಒಂದು ಗಳಿಗೆ ಈ ಕಡೆ ತಿರುಗಿದ. ಅದೇ ಹೊತ್ತಿಗೆ ಎಡಗಡೆಯಿಂದ ಸೈಕಲ್ ಮೇಲೆ ಒಬ್ಬ ಹೆಂಗಸು ಬಂದಳು, ಹ್ಯಾಂಡಲಿಗೆ ಎರಡು ಚೀಲ. ನನಗೆ ಕಂಡಳು, ನನ್ನ ಪಕ್ಕದ ಮುದುಕನಿಗೂ ಕಂಡಳು. ಅಮ್ಮನ ತಲೆ ಅಲುಗಲಿಲ್ಲ, ಬಸ್ಸು ಎಡಕ್ಕೆ ಸರಿಯುತ್ತಲೇ ಇತ್ತು. ನಾನು ಮುಂದಿನ ಸೀಟಿನ ಕಂಬಿ ಹಿಡಿದು ಅರ್ಧ ಎದ್ದೆ. ಸೀಟಿ ಮಾಮ ತಿರುಗಿ ಕಿವಿ ಹರಿಯುವ ಹಾಗೆ ಊದಿದ. ಬ್ರೇಕು ಬಿತ್ತು, ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಸೈಕಲ್ಲಿನ ಹಿಂಚಕ್ರ ನುಗ್ಗಾಗಿತ್ತು, ಈರುಳ್ಳಿ ರಸ್ತೆ ತುಂಬ ಉರುಳಿತ್ತು. ಆ ಹೆಂಗಸು ಮೊಣಕೈ ಹಿಡಿದುಕೊಂಡು ಎದ್ದು ಬಂದು, ಕಿಟಕಿಯತ್ತ ಮುಖವೆತ್ತಿ ‘ಕಣ್ಣು ಕಾಣಲ್ವೇನೇ ನಿಂಗೆ?’ ಅಂದಳು. ಬೈಗುಳವೆಂದು ಅಂದದ್ದು, ಪಾಪ.

ಕೊನೆಯ ಸ್ಟಾಪಿನಲ್ಲಿ ಸೀಟಿ ಮಾಮ ನನ್ನನ್ನು ಬದಿಗೆ ಕರೆದ. ‘ನನ್ನ ಮಾತು ಕೇಳಲ್ಲ ಭಾವ. ನೀವೇ ಏನಾದ್ರೂ ಮಾಡಿ. ನಾನು ಹೀಗೆ ಊದ್ಕೊಂಡು ಎಷ್ಟು ದಿನ ಅಂತ ಕಾಯ್ಲಿ?’

ಆ ಸಂಜೆ ನಾನು ಅವಳೆದುರು ಕೂತು ಕೇಳಿಕೊಂಡೆ. ಬೇಡಿಕೊಂಡೆ ಅಂದರೂ ತಪ್ಪಿಲ್ಲ. ‘ರಿಟೈರ್ ಆಗೋಕೆ ಇನ್ನೆಷ್ಟು ದಿನ ಇದೆ ಹೇಳಿ? ಆಮೇಲೆ ನನ್ನ ಕಾಲ ಮೇಲೆ ನಾನೇ ಇಳೀತೀನಿ. ಯಾರೂ ಕೈ ಹಿಡಿದು ಇಳಿಸ್ಬೇಕಾಗಿಲ್ಲ’ ಅಂದಳು.

‘ಅಷ್ಟರೊಳಗೆ ಯಾರಾದ್ರೂ ಸತ್ರೆ?’

‘ನನ್ನ ಬಸ್ಸಿಗೆ ಇದುವರೆಗೂ ಒಂದು ಕೋಳೀನೂ ಸಿಕ್ಕಿಲ್ಲ.’

‘ಇವತ್ತು?’

ಅವಳು ಎದ್ದು ಹೋಗಿ ಬಾಗಿಲು ಹಾಕಿ ಬಂದಳು. ಆಮೇಲೆ, ‘ನೀವು ಯಾರ ಹತ್ರನಾದ್ರೂ ಬಾಯಿ ಬಿಟ್ರೆ, ನಾನು ನಿಮ್ಮ ಜೊತೆ ಮಾತಾಡೋ ಕೊನೇ ದಿನ ಅದು’ ಅಂದಳು. ಅವಳ ಮಾತು ಎಂಥದ್ದೆಂದು ನಿನಗೆ ಗೊತ್ತು. ಒಡಹುಟ್ಟಿದ ಅಣ್ಣನ ಜೊತೆ ಮಾತು ಬಿಟ್ಟವಳು, ಅವನು ಹಾಸಿಗೆ ಹಿಡಿದು ಕರೆದಾಗಲೂ ಹೋಗಲಿಲ್ಲ. ನನಗೆ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಹೋದ ವಾರ ಡಿಪೋಗೆ ಯಾರೋ ಫೋನ್ ಮಾಡಿ ಹೇಳಿದರಂತೆ. ಮ್ಯಾನೇಜರು ಅವಳನ್ನು ಕರೆಸಿ, ಕಣ್ಣಿನ ಪರೀಕ್ಷೆಗೆ ಕಳಿಸಿ, ಅದೇ ದಿನ ಬಸ್ಸಿನ ಕೆಲಸದಿಂದ ತೆಗೆದರು. ಮನೆಗೆ ಬಂದವಳು ಅಳಲಿಲ್ಲ. ಕಾಫಿ ಮಾಡಿ ನನಗೂ ಕೊಟ್ಟು, ‘ನಿಮ್ಮನ್ನ ಬಿಟ್ರೆ ಗೊತ್ತಿದ್ದದ್ದು ಅವನೊಬ್ಬನಿಗೇ. ನೀವಂತೂ ಹೇಳೋರಲ್ಲ’ ಅಂದಳು.

ಮೊನ್ನೆ ನನ್ನ ತೋಳು ಹಿಡಿದುಕೊಂಡು ಸೀಟಿ ಮಾಮನ ಮನೆಗೆ ಹೋದಳು. ಹೊಸ್ತಿಲು ದಾಟಲಿಲ್ಲ. ಅವನ ಹೆಂಡತಿ ‘ಅಕ್ಕಾ, ಒಳಗೆ ಬನ್ನಿ, ಕೂತು ಮಾತಾಡೋಣ’ ಎನ್ನುತ್ತಿದ್ದರೂ ಕೇಳದೆ, ಮಕ್ಕಳ ಮುಂದೆ, ಬೀದಿ ಕೇಳುವ ಹಾಗೆ ‘ಉಂಡ ಮನೆಗೆ ಎರಡು ಬಗೆದ್ಯಲ್ಲೋ’ ಅಂದಳು. ಇನ್ನೂ ಏನೇನೋ ಅಂದಳು, ಬರೆಯಲಾರೆ. ‘ನಾನು ಹೇಳಿಲ್ಲಕ್ಕ’ ಎಂದು ಒಂದೇ ಸಲ ಹೇಳಿದ. ಆಮೇಲೆ ಅವನು ನನ್ನ ಕಡೆ ನೋಡಿದ. ಬಾಗಿಲು ಹಾಕಿಕೊಂಡ.

ಅಷ್ಟಕ್ಕೇ ಮುಗಿಯಲಿಲ್ಲ. ನಿನ್ನೆ ನನ್ನನ್ನು ಕೂರಿಸಿಕೊಂಡು ಮೇಲಿನವರಿಗೆ ಒಂದು ದೂರು ಬರೆಸಿದಳು. ತಾನು ಮುಚ್ಚಿಟ್ಟದ್ದು ನಿಜ, ಆದರೆ ಕಂಡಕ್ಟರನಿಗೆ ಮೊದಲಿನಿಂದ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಅಷ್ಟು ಜನರನ್ನು ಹತ್ತಿಸಿಕೊಂಡ, ಈಗ ಒಳ್ಳೆಯವನಾಗಲು ಹೊರಟಿದ್ದಾನೆ ಎಂದು. ಇದು ತಲುಪಿದರೆ ಅವನ ಕೆಲಸ ಹೋಗುತ್ತದೆ. ‘ಬೇಡ ಕಣೇ’ ಅಂದೆ. ‘ನಾನು ಮುಳುಗಿದ್ದೀನಿ, ಅವನೂ ಮುಳುಗ್ಲಿ’ ಅಂದಳು. ಅಕ್ಷರ ನನ್ನದು, ಸಹಿ ಅವಳದು. ಸಹಿ ಗೆರೆಯಿಂದ ಕೆಳಗೆ ಜಾರಿಹೋಗಿದೆ.

ಈಗಲೂ ಸಂಜೆ ಕುಲುಮೆ ಹೊತ್ತಿಸುತ್ತಾಳೆ. ಈಗ ಆಟವೆಂದು ನಟಿಸುವುದಿಲ್ಲ, ನೇರವಾಗಿ ಕೇಳುತ್ತಾಳೆ, ನಾನು ಬಣ್ಣ ಹೇಳುತ್ತೇನೆ. ನಿನ್ನೆ ಮೊನೆಯನ್ನು ನೀರಿಗೆ ಅದ್ದಿ, ‘ನನ್ನ ಕಣ್ಣನ್ನ ನಂಬದೇ ಇದ್ರೂ ನಿಮ್ಮ ಬಾಯನ್ನ ನಂಬ್ತೀನಿ’ ಅಂದಳು. ನಾನು ಎದ್ದು ಹೊರಗೆ ಹೋದೆ.

ಒಂದೆರಡು ದಿನ ಬೇಕರಿಯನ್ನು ಯಾರಿಗಾದರೂ ವಹಿಸಿ ಬಾ. ನಾನು ಕರೆದೆ ಎನ್ನಬೇಡ, ಅಮ್ಮನ ನೆನಪಾಯಿತು ಅನ್ನು. ನಿನ್ನ ಒಲೆ ಸದಾ ಬೆಚ್ಚಗಿರಲಿ, ಕೈ ಸುಡದಿರಲಿ, ನೂರು ಕಾಲ ಚೆನ್ನಾಗಿ ಬಾಳು ಮಗಳೇ.

ನಿನ್ನ ಅಪ್ಪ

ತಾ. ಕ.: ಮೇಲೆ ‘ಯಾರೋ ಫೋನ್ ಮಾಡಿದರಂತೆ’ ಎಂದು ಬರೆದೆ. ಹೊಡೆದುಹಾಕೋಣವೆಂದು ಪೆನ್ನೆತ್ತಿದೆ, ಆಗಲಿಲ್ಲ. ಆ ಯಾರೋ ನಾನೇ. ಆ ಸೈಕಲ್ಲಿನ ಹೆಂಗಸು ಕಣ್ಣು ಮುಚ್ಚಿದರೆ ಬರುತ್ತಿದ್ದಳು. ಇದೇ ಅಂಗಡಿಯಿಂದ, ಹೆಸರು ಹೇಳದೆ, ಸ್ವರ ಬದಲಿಸಿ ಮಾಡಿದೆ. ಆ ಕಡೆ ಫೋನ್ ಎತ್ತಿದವನು ಸೀಟಿ ಮಾಮ, ದಿನದ ಲೆಕ್ಕ ಒಪ್ಪಿಸಲು ಆಫೀಸಿಗೆ ಬಂದಿದ್ದಿರಬೇಕು. ನಾನು ಹೇಳಿದ್ದಷ್ಟನ್ನೂ ಕೇಳಿ, ‘ಸರಿ ಭಾವ, ಸಾಹೇಬ್ರಿಗೆ ಕೊಡ್ತೀನಿ’ ಅಂದ. ಅಂಥವನು ಮೊನ್ನೆ ಹೆಂಡತಿ ಮಕ್ಕಳ ಮುಂದೆ ಅಷ್ಟು ಮಾತು ಕೇಳಿಸಿಕೊಂಡು, ನನ್ನ ಹೆಸರು ಎತ್ತಲಿಲ್ಲ. ದೂರಿನ ಕವರು ಈಗಲೂ ನನ್ನ ಅಂಗಿಯ ಜೇಬಿನಲ್ಲಿದೆ. ಊಟಕ್ಕೆ ಮನೆಗೆ ಹೋದಾಗ ‘ಪೋಸ್ಟ್ ಮಾಡಿದ್ರಾ?’ ಎಂದು ಕೇಳಿದಳು. ಮಾಡಿದೆ ಅಂದೆ. ನನ್ನ ಮುಖ ನೋಡಿದರೆ ಸುಳ್ಳನ್ನು ಥಟ್ಟನೆ ಹಿಡಿಯುವವಳು ಅವಳು. ಅದಕ್ಕೇ ಅವಳ ಎಡಗಡೆಗೆ ಹೋಗಿ ನಿಂತು ಹೇಳಿದೆ.