ಗಾಳಿ ಎಳೆಯುವ ಜಾಗ

ಗುರುವಾರ, ಮಧ್ಯಾಹ್ನ

ಇವಳೇ,

ಕಾಗದದಲ್ಲಾದರೂ ಹೆಸರು ಹಿಡಿದು ಕರೆಯೋಣ ಎಂದು ಕೂತೆ, ಕೈ ಬರಲಿಲ್ಲ. ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ, ಬಿಡು.

ನಿನ್ನ ಪತ್ರ ತಲುಪಿತು. ಇನ್ನು ಅಕ್ಕನ ಮನೆಯಲ್ಲೇ ಇದ್ದುಬಿಡುತ್ತೇನೆ, ಹೊಲಿಗೆ ಮಿಷನ್ ಕಳಿಸಿಕೊಡಿ, ಆಮೇಲೆ ನಿಮ್ಮ ತಂಟೆಗೆ ಬರುವುದಿಲ್ಲ ಎಂದು ಬರೆದಿದ್ದೀಯ. ಕಳಿಸಬಾರದು ಅಂತೇನಿಲ್ಲ. ಆದರೆ ಟೆಂಪೋದವನ ಕೈಗೆ ಕೊಟ್ಟರೆ ಚಕ್ರ ಒಂದು ಕಡೆ, ಪೆಡಲ್ ಒಂದು ಕಡೆ ಆಗಿ ಬಂದು ತಲುಪುತ್ತದೆ. ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ನಾನೇ ತರಬೇಕು. ಕಾರು ಮಾತ್ರ ಮುನಿಸಿಕೊಂಡು ಕೂತಿದೆ.

ಸ್ಟಾರ್ಟ್ ಏನೋ ಆಗುತ್ತದೆ. ಆಕ್ಸಿಲರೇಟರ್ ಒತ್ತಿ ಹಿಡಿದಷ್ಟು ಹೊತ್ತು ಚೆನ್ನಾಗೇ ಇರುತ್ತದೆ. ಕಾಲು ತೆಗೆದೆನೋ, ಮೈಯೆಲ್ಲ ನಡುಗಿಸಿಕೊಂಡು ನಿಂತುಹೋಗುತ್ತದೆ. ಕಿಡಿ ಕೊಡುವ ಪಾಯಿಂಟ್ ಉಜ್ಜಿ ಸ್ವಚ್ಛ ಮಾಡಿದೆ. ಕಾರ್ಬುರೇಟರ್ ಬಿಚ್ಚಿ ನಿನ್ನ ದೊಡ್ಡ ತಟ್ಟೆಯಲ್ಲಿ ಪೆಟ್ರೋಲ್ ಹಾಕಿ ತೊಳೆದೆ. ಬೈಯಬೇಡ, ಬೇರೆ ತಟ್ಟೆ ತಂದಿಟ್ಟಿದ್ದೇನೆ. ನಾಲ್ಕು ಪ್ಲಗ್ಗುಗಳನ್ನೂ ತೆಗೆದು ಸಾಲಾಗಿ ಇಟ್ಟು ನೋಡಿದರೆ ಮೂರು ಕಂದು, ಒಂದು ಮಾತ್ರ ಸುಣ್ಣ ಬಳಿದಂತೆ ಬೆಳ್ಳಗಿದೆ. ಅಂದರೆ ಆ ಸಿಲಿಂಡರಿಗೆ ಎಲ್ಲಿಂದಲೋ ಕಳ್ಳಗಾಳಿ ನುಗ್ಗುತ್ತಿದೆ. ಹೊಸ ಗ್ಯಾಸ್ಕೆಟ್ ಹಾಕಿದೆ, ಬೋಲ್ಟುಗಳನ್ನೆಲ್ಲ ಬಿಗಿ ಮಾಡಿದೆ. ಮಡ್‌ಗಾರ್ಡಿನ ಮೇಲೆ ಲೋಟದಲ್ಲಿ ನೀರಿಟ್ಟು ನೋಡಿದರೆ ನೀರು ಇನ್ನೂ ಕುಣಿಯುತ್ತಲೇ ಇದೆ.

ಗಾಳಿ ಎಳೆಯುವ ಜಾಗದಲ್ಲಿ ಉಸ್ ಎಂದು ಸಣ್ಣದೊಂದು ಸದ್ದು ಬಂದೇ ಬರುತ್ತದೆ. ಅದನ್ನು ಹುಡುಕಲು ಪಕ್ಕದ ಮನೆ ಟೀಚರನ್ನು ಕರೆದೆ. ನಿಮ್ಮ ಕಿವಿಗೇನಾಗಿತ್ತು ಎಂದು ಕೇಳಬೇಡ, ಇನ್ನೆರಡು ಕಿವಿ ಇದ್ದರೆ ಒಳ್ಳೆಯದೇ. ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಂತರು. ಕಾರಿನ ಸದ್ದಿನ ಹಾಗೇ ಇದೆ ಎಂದು ತೀರ್ಪು ಕೊಟ್ಟು ಹೋದರು.

ಬೀದಿಯವರೆಲ್ಲ ನನ್ನನ್ನು ಕಿವಿ ಮೇಸ್ತ್ರಿ ಅನ್ನುತ್ತಾರೆ. ಬಾನೆಟ್ ಎತ್ತದೆಯೇ ರೋಗ ಹೇಳುತ್ತಾನೆ ಎಂಬ ಹೆಸರು. ಆ ಕಿವಿಯಲ್ಲಿ ಅರ್ಧ ನಿನ್ನದೇ ಎಂದು ನಮ್ಮಿಬ್ಬರಿಗಲ್ಲದೆ ಯಾರಿಗೆ ಗೊತ್ತು? ಗಾಡಿ ಬಂದು ನಿಲ್ಲುವಷ್ಟರಲ್ಲಿ ನೀನು ಅಡುಗೆಮನೆ ಕಿಟಕಿಯಿಂದಲೇ, "ರೀ, ನಾಲ್ಕರಲ್ಲಿ ಒಂದು ಸೋಮಾರಿ ಇದೆ ನೋಡಿ" ಅನ್ನುತ್ತಿದ್ದೆ. ನಾನು ಹೋಗಿ, ಗಡ್ಡ ಕೆರೆದುಕೊಂಡು, ಗಾಡಿಯವನಿಗೆ ಅದನ್ನೇ ಗಂಭೀರವಾಗಿ ಹೇಳುತ್ತಿದ್ದೆ. ಈಗ ಗಾಡಿಗಳು ಬರುವುದೂ ಕಡಿಮೆಯಾಗಿದೆ. ಬಂದವರನ್ನೂ ನಾಳೆ ಬನ್ನಿ ಎಂದು ಸಾಗಹಾಕುತ್ತೇನೆ.

ಮಧ್ಯಾಹ್ನದ ಊಟ ಕಾರಿನಲ್ಲೇ ಕೂತು ಮಾಡುತ್ತೇನೆ. ಮನೆಯಲ್ಲಾದರೆ ಎದುರಿನ ಕುರ್ಚಿ ಕಣ್ಣಿಗೆ ಬೀಳುತ್ತದೆ. ಕಾರಿನಲ್ಲಿ ಎಡಗಡೆ ತಿರುಗಿ ನೋಡದಿದ್ದರೆ ಆಯಿತು. ಬೇಜಾರು ಕಣೇ. ಮನೆ ದೊಡ್ಡದೇನಲ್ಲ, ಆದರೂ ಒಬ್ಬನಿಗೆ ತೀರಾ ಜಾಸ್ತಿ.

ಹೋದ ತಿಂಗಳು ನೀನೇ ಬಂದು ಬೆಲ್ ಒತ್ತಿ ಒತ್ತಿ ಸಾಕಾಗಿ ಹಿಂದಿರುಗಿದೆಯಂತೆ. ಒಳಗೆ ದೀಪ ಉರಿಯುತ್ತಿದ್ದರೂ ಬಾಗಿಲು ತೆಗೆಯದಷ್ಟು ಕಲ್ಲಾದಿರಾ ಎಂದು ಬರೆದಿದ್ದೀಯ. ಏನೋ ಕೆಲಸದಲ್ಲಿದ್ದೆ ಎಂದುಕೋ. ಮನೆ ಬಿಟ್ಟು ಹೊರಟ ದಿನ, "ನಿಮ್ಮ ಜೊತೆ ಮಾತಾಡೋದೂ ಒಂದೇ, ಗೋಡೆ ಜೊತೆ ಮಾತಾಡೋದೂ ಒಂದೇ" ಅಂದೆಯಲ್ಲ, ಆ ಮಾತು ಮಾತ್ರ ಚೆನ್ನಾಗಿ ನೆನಪಿದೆ. ಅದನ್ನು ನೀನು ನನ್ನ ಎದುರು ನಿಂತು ಹೇಳಿದ್ದೆ.

ಭಾನುವಾರ ಒಂದು ಸಲ ಬಾ. ಎಂಜಿನ್ ಓಡುವಾಗ ಕಿವಿಗೊಟ್ಟು ಕೇಳಿ, ಆ ಜಾಗದ ಮೇಲೆ ಬೆರಳಿಡು, ಅಷ್ಟು ಸಾಕು. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. ಆಮೇಲೂ ಮಿಷನ್ ಬೇಕೇ ಬೇಕು ಅಂದರೆ ಅದನ್ನೂ ನಿನ್ನನ್ನೂ ಅಕ್ಕನ ಮನೆ ಬಾಗಿಲಿಗೆ ಬಿಟ್ಟು ಬರುತ್ತೇನೆ. ತಕರಾರು ಮಾಡುವುದಿಲ್ಲ.

ಇಂತಿ,
ನಿನ್ನ ಇವರು

ತಾ.ಕ.: ಬಂದಾಗ ಬೆಲ್ ಒತ್ತಬೇಡ, ಕೂಗಲೂ ಬೇಡ. ಶೆಡ್ಡಿನ ಬಾಗಿಲು ತೆರೆದೇ ಇರುತ್ತದೆ, ನೇರ ಬಂದು ಭುಜ ಮುಟ್ಟು. ಆ ದಿನ ನಾನು ಬಾಗಿಲಿನ ಹತ್ತಿರವೇ ಕೂತಿದ್ದೆ, ಬೆಲ್ ಕೇಳಿಸಲಿಲ್ಲ. ವರ್ಷದಿಂದ ನೀನು ಆಡಿದ ಮಾತುಗಳಲ್ಲಿ ಮುಕ್ಕಾಲು ಪಾಲು ಕೇಳಿಸಿಲ್ಲ. ಕಿವಿ ಮೇಸ್ತ್ರಿ ಕಿವುಡನಾದ ಎನ್ನಿಸಿಕೊಳ್ಳುವುದಕ್ಕಿಂತ ಹಟಮಾರಿ ಎನ್ನಿಸಿಕೊಳ್ಳುವುದೇ ವಾಸಿ ಅಂದುಕೊಂಡೆ. ಯಾಕೆ ಹೀಗಾದಿರಿ ಎಂದು ನೀನು ಕೇಳಿದ್ದೆಯೋ ಏನೋ, ಅದೂ ನನಗೆ ಕೇಳಿಸಿರಲಿಕ್ಕಿಲ್ಲ. ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಕಾರಿನಲ್ಲಿ ನೀನು ಕೂರುವುದು ಆ ಕಡೆಗೇ.